ಬಿಡಬೇಡಿ ಅಂದವಳು

ಗದ್ದದ ಕೆಳಗಿಂದ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿದ್ದ ಬಟ್ಟೆ ಮತ್ತೆ ಜಾರಿತು. ಶೆನ್ಬಗವಲ್ಲಿಯ ಬಾಯಿ ತೆರೆದುಕೊಂಡಿತು.

"ಬಿಗಿಯಾಗಿ ಕಟ್ಟೇ ಮಲರ್," ಎಂದಳು ಚಿಕ್ಕಮ್ಮ ರಾಮಲಕ್ಷ್ಮಿ. "ಸತ್ತರೂ ಬಾಯಿ ಮುಚ್ಚಲ್ಲ ನಮ್ಮಕ್ಕ. ಆಫೀಸರಿಗೆ ಇನ್ನೂ ಏನೋ ಹೇಳೋದು ಉಳಿದಿದೆ ಅವಳಿಗೆ."

ಸುತ್ತ ಕೂತ ಹೆಂಗಸರು ಅಳುವಿನ ನಡುವೆಯೇ ನಕ್ಕರು. ಮಲರ್ ನಗಲಿಲ್ಲ. ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಗಂಟು ಬಿಗಿದಳು. ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಆ ಕೈಬೆರಳುಗಳಿಂದ ಬೀಡಿ ತಂಬಾಕಿನ ವಾಸನೆ ಹೋಗಿರಲಿಲ್ಲ.

ಸೋದರಮಾವ ಚಿದಂಬರಂ ಬಾಗಿಲಲ್ಲಿ ಬಂದು ನಿಂತ. "ಮುಂದಿನ ತಿಂಗಳು ಜೈಲಿನ ಕಡೆಯವರು ಮತ್ತೆ ಬರ್ತಾರಂತೆ. ಇನ್ಮೇಲೆ ನಿನ್ನನ್ನೇ ಕೇಳೋದು. ಏನು ಹೇಳ್ತೀ?"

"ಬಿಡ್ಲಿ ಮಾವ. ಎಂಬತ್ತರ ಮುದುಕ. ಕಣ್ಣು ಕಾಣಲ್ವಂತೆ. ಕಕ್ಕಸಿಗೂ ಯಾರಾದ್ರೂ ಕೈಹಿಡಿದು ಕರಕೊಂಡು ಹೋಗಬೇಕಂತೆ."

"ನಿಮ್ಮಪ್ಪನಿಗೆ ಎಂಬತ್ತಾಗೋಕೆ ಬಿಟ್ಟನಾ ಅವನು?"

"ಅಮ್ಮನೂ ಇದನ್ನೇ ಕೇಳ್ತಿದ್ಲು. ಕೇಳ್ತಾನೇ ಸತ್ಲು. ನಂಗೆ ಸಾಕಾಗಿದೆ."

ಚಿದಂಬರಂ ತಲೆ ಕೊಡವಿ ಚಟ್ಟ ಕಟ್ಟುವವರ ಕಡೆ ಹೋದ. ರಾಮಲಕ್ಷ್ಮಿ ಮಾತ್ರ ಅಕ್ಕನ ಮಗಳ ಮುಖವನ್ನೇ ನೋಡುತ್ತ ಕೂತಳು.

*

ಮಲರ್ ಎರಡನೇ ಕ್ಲಾಸಿನಲ್ಲಿದ್ದಾಗ ಎದುರುಮನೆಯ ಇಸಕ್ಕಿಮುತ್ತು ಅವಳ ಅಪ್ಪ ವೇಲಾಯುಧನನ್ನು ಕಡಿದ. ಇಬ್ಬರ ತೋಪುಗಳ ಎಲ್ಲೆಯಲ್ಲಿ ನಿಂತ ಒಂದು ತಾಳೆಮರಕ್ಕೆ ಬಂದ ಜಗಳ. ವೇಲಾಯುಧ ಮರದಿಂದ ಇಳಿಯುತ್ತಿದ್ದ. ಎರಡು ಕೈಯೂ ಮರವನ್ನು ತಬ್ಬಿದ್ದವು. ಇಸಕ್ಕಿಮುತ್ತುವಿಗೆ ಜೀವಾವಧಿ ಆಯಿತು.

ಆಮೇಲೆ ಶೆನ್ಬಗವಲ್ಲಿ ಬೀಡಿ ಕಟ್ಟಿ ಮಗಳನ್ನು ಸಾಕಿದಳು. ತೊಡೆಯ ಮೇಲೆ ಮೊರ, ಎದುರಿಗೆ ಇಸಕ್ಕಿಮುತ್ತುವಿನ ಹೆಂಡತಿ ಪೇಚಿಯಮ್ಮನ ಬಾಗಿಲು. ಇಬ್ಬರಿಗೂ ಮಾತಿರಲಿಲ್ಲ. ಪೇಚಿಯಮ್ಮ ಅಂಗಳ ಗುಡಿಸಲು ಬಂದರೆ ಇವಳು ಕೆಮ್ಮಿ ಉಗಿಯುವಳು. ಅವಳು ಪೊರಕೆ ಕೊಡವುವಳು.

ಇಸಕ್ಕಿಮುತ್ತುವನ್ನು ಬಿಡಬಹುದೇ ಎಂದು ಕೇಳಲು ಜೈಲಿನಿಂದ ಮೊದಲ ಸಲ ಬಂದ ಆಫೀಸರ್ ಮೆತ್ತಗಿನ ಮನುಷ್ಯ. "ಅಮ್ಮಾ, ಬಹಳ ವರ್ಷ ಆಯ್ತು. ವಯಸ್ಸಾಗಿದೆ ಅವನಿಗೆ. ಒಳಗೆ ನಡತೆಯೂ ಚೆನ್ನಾಗಿದೆ. ಬಿಟ್ಟರೆ ನಿಮ್ಮದೇನಾದ್ರೂ ಆಕ್ಷೇಪಣೆ ಇದೆಯಾ?"

"ಒಳಗೆ ತಾಳೆಮರ ಇಲ್ಲವಲ್ಲ ಸ್ವಾಮಿ, ನಡತೆ ಚೆನ್ನಾಗೇ ಇರುತ್ತೆ. ಜೀವಾವಧಿ ಅಂದ್ರೇನು? ಜೀವ ಇರೋವರೆಗೂ ತಾನೇ? ಅವನ ಜೀವ ಇನ್ನೂ ಇದೆಯಲ್ಲ. ಬಿಡಬೇಡಿ."

ಮೂರು ಸಲ ಬಂದರು, ಮೂರು ಸಲವೂ ಇದೇ ಉತ್ತರ. ತಾನು ಊರಲ್ಲಿಲ್ಲದಾಗ ಬಂದು ಆಕ್ಷೇಪಣೆ ಇಲ್ಲ ಎಂದು ಬರೆದುಕೊಂಡು ಹೋದಾರೆಂಬ ಭಯಕ್ಕೆ ಅವಳು ಊರು ಬಿಡುವುದನ್ನೇ ನಿಲ್ಲಿಸಿದಳು. ಮಲರ್ ಹೆರಿಗೆಯಲ್ಲಿ ರಕ್ತ ನಿಲ್ಲದೆ ತೆಂಕಾಶಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಬರಲಿಲ್ಲ. ಆ ವಾರ ಆಫೀಸರ್ ಬರುವುದಿತ್ತು.

"ನಾನಾ, ಅವನಾ ನಿಂಗೆ ಮುಖ್ಯ?" ಎಂದು ಆಮೇಲೊಮ್ಮೆ ಮಲರ್ ಕೇಳಿದ್ದಳು.

ಶೆನ್ಬಗವಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ನೀರು ಕುಡಿದಳು. "ಅವನಿಗಿಂತ ಒಂದು ದಿನ ಹೆಚ್ಚು ಬದುಕ್ತೀನಿ ನೋಡು. ಆಮೇಲೆ ನಿನ್ನ ಮನೇಲೇ ಇರ್ತೀನಿ."

*

ಹೆಣವನ್ನು ಅಂಗಳಕ್ಕೆ ತಂದಿಟ್ಟಾಗ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ವೃತ್ತವಾಗಿ ಕೂತು ಹಾಡಿ ಅಳತೊಡಗಿದರು. ಆಗ ಬೀದಿಯಾಚೆಯ ಬಾಗಿಲು ತೆರೆಯಿತು. ಪೇಚಿಯಮ್ಮ ಬಂದಳು. ಸಾವಿನ ಹಾಡಿಗೆ ಸುತ್ತಲ ಊರಿನವರೂ ಅವಳನ್ನೇ ಕರೆಯುತ್ತಿದ್ದ ಕಾಲವೊಂದಿತ್ತು. ಯಾರೂ ಅವಳನ್ನು ತಡೆಯಲಿಲ್ಲ. ಇಬ್ಬರು ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತು, ಅವರ ಹೆಗಲಿಗೆ ಕೈಯೇರಿಸಿ, ದನಿ ಎತ್ತಿದಳು.

"ಬಿಸಿಲಿಗೆ ಬಾಡದ ಹೂವೇ, ನನ್ನ ಎದುರುಮನೆಯ ದೀಪವೇ..."

ರಾಮಲಕ್ಷ್ಮಿ ಕಣ್ಣೊರೆಸಿಕೊಂಡಳು. ಮುದುಕಿ ಕೊನೆಗೂ ಬಂದಳಲ್ಲ ಎಂದುಕೊಂಡಳು ಮಲರ್.

"ಜೈಲಿನವರಿಗಿಂತ ಚೆನ್ನಾಗಿ ನನ್ನ ಗಂಡನ್ನ ಕಾಯ್ದವಳೇ,
ಬೀಗ ಅವರದಾದರೂ ಬೀಗದ ಕೈ ನಿನ್ನ ಸೆರಗಲ್ಲಿತ್ತಲ್ಲೇ!
ಅವನ ಹೆಣ ನೋಡ್ತೀನಿ ಅಂತ ಮಾತ್ರೆ ನುಂಗಿದವಳೇ,
ಅವನು ಗಂಜಿ ಕುಡೀತಾನೆ, ನೀನು ಕಟ್ಟಿಗೆ ಮೇಲೆ ಹೊರಟೆಯಲ್ಲೇ!
ಮಗಳ ರಕ್ತ ಹರಿದರೂ ಹೊಸಿಲು ದಾಟದವಳೇ,
ಈಗ ಯಾರು ಕರೆದರು ಅಂತ ದಾಟಿದೆಯೇ!"

ಹೆಂಗಸರ ಅಳು ನಿಂತಿತು. ಪಕ್ಕದವರು ಹೆಗಲು ಜಾರಿಸಿಕೊಂಡರು. ಪೇಚಿಯಮ್ಮನ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಇಷ್ಟು ವರ್ಷ ಕಚ್ಚಿ ಹಿಡಿದದ್ದನ್ನು ಉಗಿದ ಸಮಾಧಾನವಿತ್ತು. ಚಿದಂಬರಂ ಕೈ ಎತ್ತಿಕೊಂಡು ಓಡಿಬಂದ.

"ಬಿಡಿ ಮಾವ," ಎಂದಳು ಮಲರ್. ಎದ್ದು ಪೇಚಿಯಮ್ಮನ ಮುಂದೆ ನಿಂತಳು. "ಹಾಡು ಮುಗೀತಾ ಅತ್ತೆ?"

"ಮುಗೀತು. ನಿಮ್ಮಮ್ಮ ನನ್ನ ಬಾಳಿಗೆ ಹಾಕಿದ ಬೆಂಕಿ ಇವತ್ತು ಅವಳಿಗೇ ತಗಲುತ್ತೆ."

"ಬೀಗದ ಕೈ ಅಮ್ಮನ ಸೆರಗಲ್ಲಿತ್ತು ಅಂದ್ರಲ್ಲ, ಅದು ಈಗ ನನ್ನ ಹತ್ರ ಇದೆ. ಮುಂದಿನ ತಿಂಗಳು ಬರ್ತಾರೆ. ಅಮ್ಮ ಹೇಳಿದ್ದನ್ನೇ ಹೇಳ್ತೀನಿ. ಆಮೇಲೆ ಬಂದ್ರೂ ಅದನ್ನೇ ಹೇಳ್ತೀನಿ. ನಾನಿನ್ನೂ ಚಿಕ್ಕವಳು ಅತ್ತೆ, ನಂಗೆ ಮಾತ್ರೆ ಬೇಕಾಗಿಲ್ಲ."

ಚಟ್ಟ ಎತ್ತಿದರು. ಶಂಖ ಊದಿದರು. ಗಂಡಸರು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಹೆಂಗಸರು ಮನೆ ತೊಳೆದು, ಸ್ನಾನಕ್ಕೆಂದು ಕಾಲುವೆಯ ಕಡೆ ಹೊರಟರು. ಪೇಚಿಯಮ್ಮ ತನ್ನ ಬಾಗಿಲಲ್ಲಿ ಸೆಟೆದು ನಿಂತಿದ್ದಳು. ರಾಮಲಕ್ಷ್ಮಿ ಅವಳ ಮುಂದೆ ಒಂದು ಗಳಿಗೆ ನಿಂತಳು.

"ಬೆಳಿಗ್ಗೆ ಆ ಹುಡುಗಿ ಏನಂದ್ಲು ಗೊತ್ತಾ ಪೇಚಿ? ಬಿಡ್ಲಿ ಮಾವ, ಮುದುಕ, ಕಣ್ಣು ಕಾಣಲ್ಲ ಅಂದ್ಲು. ನಾನೇ ಕಿವಿಯಾರೆ ಕೇಳಿದೀನಿ."

ಪೇಚಿಯಮ್ಮ ಹೊಸಿಲಿಂದ ಬೀದಿಗೆ ಇಳಿದಳು. ಹೆಂಗಸರ ಸಾಲು ಅವಳ ಮುಂದೆ ಹಾದುಹೋಯಿತು. ಸಾಲಿನ ಮುಂದಿದ್ದ ಮಲರ್ ತಿರುಗಿ ನೋಡಲಿಲ್ಲ.

ಕಾಲುವೆಯ ದಾರಿ ಹಿಡಿದವರಿಗೆ ಹಿಂದಿನಿಂದ ಆ ದನಿ ಕೇಳಿಸಿತು. ಪೇಚಿಯಮ್ಮ ನಡುಬೀದಿಯಲ್ಲಿ ಕೂತಿದ್ದಳು. ಎರಡು ಕೈಗಳನ್ನೂ ಅಗಲಕ್ಕೆ ಚಾಚಿದ್ದಳು, ಅಕ್ಕಪಕ್ಕ ಯಾರದೋ ಹೆಗಲು ಇದೆಯೆಂಬಂತೆ. ಪಾಳಯಂಕೋಟೆಯ ಜೈಲಿನಲ್ಲಿ ಇನ್ನೂ ಉಸಿರಾಡುತ್ತಿದ್ದ ಗಂಡನ ಹೆಸರು ಹಿಡಿದು, ಸತ್ತವರಿಗೆ ಹಾಡುವ ರಾಗದಲ್ಲಿ ಹಾಡುತ್ತಿದ್ದಳು.