ಮುಂದೆ ಹೋದ ಗಂಟು

ಅವರೆಕಾಯಿಯ ಕಾಲ. ಪುಷ್ಯ ಮಾಸದ ಚಳಿ. ಬೆಳಗಿನ ಎಳೆಬಿಸಿಲು ಆಗಷ್ಟೇ ಜಯನಗರದ ಕಾಂಪೌಂಡುಗಳನ್ನು ದಾಟಿ ಹಿತ್ತಿಲುಗಳಿಗೆ ಇಳಿಯುತ್ತಿತ್ತು. ವಿಮಲಾ ಅವರ ಮನೆಯ ಹಿಂದಿನ ಕಟ್ಟೆಯ ಮೇಲೆ ಕೂತು ಜರಗನಹಳ್ಳಿಯ ಕೆಂಪಕ್ಕ ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಎಂಬತ್ತೆರಡನೇ ಇಸವಿ; ಜೆ.ಪಿ. ನಗರದ ಹೊಲಗಳಲ್ಲಿ ರಾಗಿಯ ಬದಲು ಸೈಟಿನ ಕಲ್ಲುಗಳು ಎದ್ದಿದ್ದ ಕಾಲ.

ಕೆಂಪಕ್ಕ ಆ ಮನೆಗೆ ಮೊದಲು ಬಂದದ್ದು ಸೊಪ್ಪು, ಹೂವು ಮಾರಲು. ಇಪ್ಪತ್ತು ವರ್ಷದಲ್ಲಿ ಮಾರುವುದು ನಿಂತುಹೋಗಿತ್ತು, ಬರುವುದು ಮಾತ್ರ ನಿಂತಿರಲಿಲ್ಲ. ಅವರೆಕಾಳು ಬಂದರೆ ಇಬ್ಬರೂ ಕೂತು ಹಿತುಕಬೇಕು, ಊರ ಸುದ್ದಿ ಮುಗಿಯಬೇಕು, ಆಮೇಲೆ ಒಲೆ ಹಚ್ಚಬೇಕು.

"ಕೆಂಪಕ್ಕ, ನಮ್ಮ ಅನಂತರಾಮು ಈ ಸಲ ಗೋದಾವರಿ ಯಾತ್ರೆ ಹೊರಡಿಸ್ತಿದಾರೆ" ಎಂದರು ವಿಮಲಾ. "ರಾಜಮಂಡ್ರಿಯಿಂದ ಭದ್ರಾಚಲಕ್ಕೆ ಲಾಂಚಲ್ಲಿ. ಊಟ, ನಿದ್ದೆ ಎಲ್ಲಾ ನೀರಿನ ಮೇಲೇ."

ಕೆಂಪಕ್ಕನ ಕೈ ನಿಂತಿತು. "ನೀರಿನ ಮೇಲೆ ನಿದ್ದೆ ಬತ್ತದಾ?"

"ಹೋಗಿ ನೋಡೋಣ. ಯುಗಾದಿ ಹೊತ್ತಿಗೆ ನಾವು ಮನೆ ಖಾಲಿ ಮಾಡಿ ಮೈಸೂರು ಸೇರ್ತೀವಲ್ಲ, ಅಷ್ಟರಲ್ಲಿ ಒಂದು ಸಲ ಇಬ್ಬರೂ ಎಲ್ಲಾದ್ರೂ ಒಟ್ಟಿಗೆ ಹೋಗಬೇಕು. ನಮ್ಮನೆಯವರು ಬರಲ್ಲ. ಅವರಿಗೆ ಹಂಡೆ ನೀರು ಕಂಡ್ರೂ ಭಯ. ಲಾಂಚಿನ ಮುಂದುಗಡೆ ನಾವಿಬ್ಬರೇ ಕೂತ್ಕೊಳ್ಳೋಣ."

ಮೈಸೂರಿನ ಮಾತು ಬಂದಾಗ ಕೆಂಪಕ್ಕ ಎಂದಿನಂತೆ ಕಾಳಿನ ಕಡೆ ನೋಡಿದಳು. ನೀರಿನ ಮಾತು ಮಾತ್ರ ಅವಳನ್ನು ಎಲ್ಲಿಗೋ ಕರೆದುಕೊಂಡು ಹೋಯಿತು. ಅವಳ ತವರು ಸಾರಕ್ಕಿ. ಕೆರೆ ಕೋಡಿ ಬಿದ್ದ ವರ್ಷ ಅಣ್ಣಂದಿರು ಬಾಳೆದಿಂಡಿನ ತೆಪ್ಪ ಕಟ್ಟಿ ತೇಲುತ್ತಿದ್ದರು. ಇವಳೂ ಒಂದು ಕಾಲು ಇಟ್ಟಿದ್ದಳು. ಎರಡನೆಯದನ್ನು ಎತ್ತುವಷ್ಟರಲ್ಲಿ ಅಜ್ಜಿ ರುದ್ರಮ್ಮ ಜಡೆ ಹಿಡಿದು ದಡಕ್ಕೆ ಎಳೆದುಕೊಂಡಿದ್ದಳು. ಹೆಣ್ಣುಮಕ್ಕಳು ತೆಪ್ಪ ಹತ್ತಿದರೆ ಕೆರೆ ಬತ್ತುತ್ತದಂತೆ. ಆಮೇಲೆ ಯಾವ ಹೆಣ್ಣೂ ಹತ್ತದೆಯೇ ಆ ಕೆರೆ ಎಷ್ಟು ಸಲ ಬತ್ತಿತೋ. ಆವತ್ತು ಒದ್ದೆಯಾದ ಕಾಲು ಒಂದೇ. ಇನ್ನೊಂದು ಇವತ್ತಿಗೂ ಒಣಗಿಯೇ ಇದೆ ಎಂದು ಕೆಂಪಕ್ಕನಿಗೆ ಆಗಾಗ ಅನ್ನಿಸುತ್ತಿತ್ತು.

ಗಂಡ ಉಗ್ರಪ್ಪ ಇಲ್ಲ ಎನ್ನಲಿಲ್ಲ. ವಿಮಾನ ಎಂಬ ಮಾತು ಕಿವಿಗೆ ಬಿದ್ದ ಮೇಲಂತೂ ಅವನೇ ಮುಂದಾದ. ಗಂಡ ಹೆಂಡತಿ ಜಯನಗರದ ನಾಲ್ಕನೇ ಬ್ಲಾಕಿಗೆ ಹೋಗಿ ಅನಂತರಾಮು ಅವರ ಜಗುಲಿಯ ಬೆಂಚಿನ ಮೇಲೆ ಕೂತರು. ಅನಂತರಾಮು ಹತ್ತಾರು ವರ್ಷದಿಂದ ಜನರನ್ನು ಯಾತ್ರೆಗೆ ಕರೆದುಕೊಂಡು ಹೋಗಿ ಬಂದವರು. ಮಾತು ಕಡಿಮೆ, ಪಂಚಾಂಗ ಜಾಸ್ತಿ.

"ಇಲ್ಲಿಂದ ಹೈದರಾಬಾದಿಗೆ ವಿಮಾನ, ಅಲ್ಲಿಂದ ರಾತ್ರಿ ರೈಲು, ಆಮೇಲೆ ಲಾಂಚು. ಎಲ್ಲಾ ನಾವೇ ಮಾಡಿಸ್ತೀವಿ ಗೌಡ್ರೇ" ಎಂದರು. "ಬುಧವಾರ ಹೊರಟ್ರೆ ಗುರುವಾರ ಬೆಳಿಗ್ಗೆ ರಾಜಮಂಡ್ರಿ. ಅಲ್ಲೊಂದು ದಿನ ಸುಧಾರಿಸ್ಕೊಂಡು ಶುಕ್ರವಾರ ಬೆಳಿಗ್ಗೆ ಲಾಂಚು ಹತ್ತೋದು."

"ಹೈದರಾಬಾದು ಯಾವ ದಿಕ್ಕು ಸ್ವಾಮಿ?"

"ಉತ್ತರ."

ಉಗ್ರಪ್ಪ ತಲೆ ಅಲ್ಲಾಡಿಸಿದ. "ಬುಧವಾರ ಉತ್ತರಕ್ಕೆ ಶೂಲ. ನಮ್ಮಪ್ಪ ಬುಧವಾರ ಉತ್ತರದ ಕಡೀಕೆ ಎತ್ತನ್ನೂ ಹೊಡೀತಿರ್ಲಿಲ್ಲ. ನಾನು ವಿಮಾನ ಹೊಡಿಸ್ಲಾ?"

ವಾರಕ್ಕೊಂದು ದಿಕ್ಕಿನ ದೋಷ ಅನಂತರಾಮು ಅವರಿಗೆ ತಿಳಿಯದ್ದೇನಲ್ಲ. "ಅದಕ್ಕೇ ಅಲ್ವೇ ಪರಸ್ಥಾನ ಅಂತ ಇರೋದು? ಸೋಮವಾರ ಒಳ್ಳೇ ಹೊತ್ತಲ್ಲಿ ನಿಮ್ಮ ಗಂಟು ತಂದು ನಮ್ಮನೇಲಿಡಿ. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಬುಧವಾರ ಬಂದು ಎತ್ಕೊಂಡು ಹೋಗೋದು, ಅಷ್ಟೇ."

ಹಿಂದಿನಿಂದ ನಡೆದು ಬಂದದ್ದೇ ಅದು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿರುವ ದಿನ ನೋಡಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಒಂದು ಗಂಟು ಇಟ್ಟು ಬರುವುದು. ಗಂಟು ಹೊರಟರೆ ಮನುಷ್ಯ ಹೊರಟ ಲೆಕ್ಕ. ಒಮ್ಮೆ ಹೊರಟ ಗಂಟನ್ನು ಮನೆಗೆ ವಾಪಸು ತರಬಾರದು, ಪ್ರಯಾಣ ಮುರಿದುಬೀಳುತ್ತದೆ.

ಉಗ್ರಪ್ಪ ನಕ್ಕ. "ಗಂಟು ಹೋದ್ರೆ ಮನುಷ್ಯ ಹೋದಂಗಾ? ಹಂಗಾದ್ರೆ ಗಂಟನ್ನೇ ಭದ್ರಾಚಲಕ್ಕೆ ಕಳಿಸ್ಬಿಡಿ. ನಾವು ಮನೇಲಿ ಹಿತುಕಿದಬೇಳೆ ಸಾರು ಉಣ್ತಾ ಪುಣ್ಯ ತಗೋತೀವಿ. ನೋಡಿ ಸ್ವಾಮಿ, ಲಾಂಚಲ್ಲಿ ಜಾಗ ಮಾತ್ರ ನೀವು ಹಿಡಿದಿಡಿ. ವಿಮಾನ, ರೈಲು ನಾನೇ ಮಾಡಿಸ್ಕೋತೀನಿ. ಗುರುವಾರ ಹೊರಟ್ರೆ ಶುಕ್ರವಾರ ಬೆಳಗಾಗೋ ಹೊತ್ಗೆ ಅಲ್ಲಿರ್ತೀವಿ."

"ಬೇಡ ಅನ್ನಲ್ಲ. ಒಂದು ಮಾತು ಮಾತ್ರ ಕೇಳ್ಕೊಳ್ಳಿ. ನಮ್ಮ ಜೊತೆ ಹೊರಟೋರಿಗೆ ದಾರೀಲಿ ತಡ ಆದ್ರೆ ಲಾಂಚು ಕಾಯುತ್ತೆ, ಅದು ನನ್ನ ಜವಾಬ್ದಾರಿ. ತಾವಾಗಿ ಬರೋರಿಗೆ ಕಾಯಲ್ಲ. ಏಳೂವರೆ ಅಂದ್ರೆ ಏಳೂವರೆ."

"ನಾನು ಹುಟ್ಟಿದ್ಮೇಲೆ ತಡವಾಗಿ ಹೋಗಿರೋದು ನನ್ನ ಮದುವೆಗೊಂದೇ."

"ಆವತ್ತು ಕಾದೋಳು ನಾನು" ಎಂದಳು ಕೆಂಪಕ್ಕ. "ಗೋದಾವರಿ ಕಾಯ್ತಾಳಾ?"

ಉಗ್ರಪ್ಪ ಚಪ್ಪಲಿ ಮೆಟ್ಟಿ ಎದ್ದ. ಮಾತಿನ ನಡುವೆ ಅವನು ಎದ್ದನೆಂದರೆ ಮನಸ್ಸು ಗಟ್ಟಿಯಾಯಿತೆಂದೇ ಅರ್ಥ.

ಆದರೂ ಕೆಂಪಕ್ಕ ಆಸೆ ಬಿಡಲಿಲ್ಲ. ಸೋಮವಾರ ರಾಹುಕಾಲ ಕಳೆಯುತ್ತಲೇ ಹಳದಿ ಬಟ್ಟೆಯಲ್ಲಿ ಒಂದು ಸೀರೆ, ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನದ ಕೊಂಬು, ಒಂದು ಹಿಡಿ ಅಕ್ಕಿ ಇಟ್ಟು ಗಂಟು ಕಟ್ಟಿದಳು. ಕಟ್ಟಿದ್ದನ್ನು ಬಿಚ್ಚಿ, ಸೀರೆಯ ಮಡಿಕೆಯೊಳಗೆ ಮತ್ತೇನನ್ನೋ ತುರುಕಿ, ಪುನಃ ಕಟ್ಟಿದಳು. ಕನಕಪುರ ರಸ್ತೆಯಲ್ಲಿ ಬಸ್ಸು ಹಿಡಿದು ಅನಂತರಾಮು ಅವರ ಮನೆಗೆ ಹೋದಳು. ಅವರ ಹೆಂಡತಿ ಅಲಮೇಲು ಗಂಟನ್ನು ಎರಡು ಕೈಯಲ್ಲಿ ಇಸಿದುಕೊಂಡು ಜಗುಲಿಯ ಬೆಂಚಿನ ಮೇಲೆ ಇಟ್ಟರು.

"ನಮ್ಮನೆಯೋರ ಮನಸ್ಸು ತಿರುಗಿದ್ರೆ ಬುಧವಾರವೇ ಬಂದು ಎತ್ಕೋತೀವಿ. ಇಲ್ಲಾಂದ್ರೆ ಗುರುವಾರ" ಎಂದಳು ಕೆಂಪಕ್ಕ.

ಮನಸ್ಸು ತಿರುಗಲಿಲ್ಲ. ಅವಳು ಮನೆಗೆ ಬರುವಷ್ಟರಲ್ಲಿ ಉಗ್ರಪ್ಪ ಪೇಟೆಗೆ ಹೋಗಿ ಗುರುವಾರದ ಟಿಕೆಟ್ಟು ತಂದು ದೇವರ ಮುಂದೆ ಇಟ್ಟು ಕೈ ಮುಗಿಯುತ್ತಿದ್ದ. ಮಂಗಳವಾರ ಪೂರ್ತಿ ಅವನು ಹುಡುಕಿದ್ದು ತನ್ನ ಕೆಂಪಂಚಿನ ವಲ್ಲಿ. ಹೆಗಲ ಮೇಲೆ ಅದಿಲ್ಲದೆ ಅವನು ಸಂತೆಗೂ ಹೋದವನಲ್ಲ.

"ಎಲ್ಲೇ ಹೋಯ್ತು ನನ್ನ ವಲ್ಲಿ?"

"ಎಲ್ಲೋ ಇದ್ದಾತು. ಇಲ್ಲಿಟ್ಟಿದ್ದು ಇಲ್ಲೇ ಇರ್ತದಾ?"

ಗುರುವಾರ ಮಂಜು ಮುಸುಕಿದ ನಸುಕಿನಲ್ಲಿ ಇಬ್ಬರೂ ಆಟೋ ಹತ್ತಿ, ಗಂಟು ಎತ್ತಿಕೊಳ್ಳಲು ಅನಂತರಾಮು ಅವರ ಮನೆಯ ಮುಂದೆ ಇಳಿದರು. ಅಲಮೇಲು ರಂಗೋಲಿ ಬಿಡುತ್ತಿದ್ದವರು ಎದ್ದು ನಿಂತರು.

"ಅಯ್ಯೋ ಕೆಂಪಕ್ಕ, ನಿಮ್ಮ ಗಂಟು ನಿನ್ನೆ ವಿಮಲಾ ಅವರೆಲ್ಲ ಹೊರಟಾಗಲೇ ಹೋಯ್ತಲ್ಲ. ಅಡುಗೆ ಪಾಪಯ್ಯ ಯಾತ್ರೆ ಸಾಮಾನು ಅಂದ್ಕೊಂಡು ಪಾತ್ರೆ ಚೀಲಗಳ ಜೊತೆ ವ್ಯಾನಿಗೆ ಹಾಕ್ಬಿಟ್ಟಿದಾನೆ. ವ್ಯಾನು ಹೋದ್ಮೇಲೆ ನೋಡ್ತೀನಿ, ಬೆಂಚು ಖಾಲಿ."

ಕೆಂಪಕ್ಕ ಖಾಲಿ ಬೆಂಚನ್ನೇ ನೋಡಿದಳು. ಇಟ್ಟ ಜಾಗದಿಂದ ತಾನೇ ಎತ್ತಿಕೊಳ್ಳಬೇಕಾದ ಗಂಟು, ಬುಧವಾರ, ಉತ್ತರಕ್ಕೆ, ಒಡತಿಯನ್ನು ಬಿಟ್ಟು ಹೋಗಿದೆ. ಉಗ್ರಪ್ಪನಿಗೆ ಮಾತ್ರ ನಗು ತಡೆಯಲಾಗಲಿಲ್ಲ. "ನಮಗಿಂತ ಮುಂಚೆ ನಿನ್ನ ಗಂಟೇ ವಿಮಾನ ಹತ್ತಿತಲ್ಲೇ. ಕಿಟಕಿ ಪಕ್ಕ ಕೂತಿತ್ತೋ ಏನೋ."

ವಿಮಾನ ನಿಲ್ದಾಣದಲ್ಲಿ ಅವನ ನಗು ಇಳಿಯಿತು. ಬೆಳಗಾಗಿ ಎಷ್ಟೋ ಹೊತ್ತಾದರೂ ಮಂಜು ಕದಲಲಿಲ್ಲ, ವಿಮಾನವೂ ಕದಲಲಿಲ್ಲ. ಊಟದ ಹೊತ್ತಿಗೆ ಬಿಸಿಲು ಬಿದ್ದ ಮೇಲೆ ಹತ್ತಿಸಿದರು. ಮೇಲೇರಿದಾಗ ಉಗ್ರಪ್ಪ ಕಣ್ಣು ಬಿಗಿಯಾಗಿ ಮುಚ್ಚಿ ಹೆಂಡತಿಯ ಮುಂಗೈ ಹಿಡಿದಿದ್ದ. ಕೆಂಪಕ್ಕ ಕಿಟಕಿಗೆ ಮೂಗು ಒತ್ತಿದ್ದಳು. ಕೆಳಗೆ ಒಂದು ಕೆರೆ ಅಂಗೈಯಲ್ಲಿಟ್ಟ ಅವರೆಕಾಳಿನಷ್ಟಾಗಿ ಕಂಡಿತು. ಅದು ಸಾರಕ್ಕಿಯ ಕೆರೆಯೇ ಎಂದು ಅವಳು ತೀರ್ಮಾನ ಮಾಡಿದಳು.

"ಕಣ್ ಬಿಡಿ. ನಮ್ಮೂರು ಕಾಣ್ತೈತೆ."

"ನಮ್ಮೂರು ನಾನು ನೋಡಿವ್ನಿ" ಎಂದ ಉಗ್ರಪ್ಪ, ಕಣ್ಣು ಬಿಡದೆ.

ಹೈದರಾಬಾದಿನಲ್ಲಿ ಓಡಿ ಓಡಿ ರಾತ್ರಿಯ ರೈಲು ಹಿಡಿದರು. ಇನ್ನೇನು ಗೆದ್ದೆವು ಎಂದುಕೊಂಡು ಮಲಗಿದರೆ, ಬೆಳಗಿನ ಹೊತ್ತು ಗದ್ದೆಗಳ ನಡುವೆ ರೈಲು ನಿಂತಿತ್ತು. ಹೊರಗೆ ಅದೇ ಮಂಜು. ಪಕ್ಕದ ಎಮ್ಮೆಯ ಕೊಂಬು ಕಾಣುತ್ತಿತ್ತು, ಎಮ್ಮೆ ಕಾಣುತ್ತಿರಲಿಲ್ಲ.

ಉಗ್ರಪ್ಪ ಎರಡು ಸಲ ಬಾಗಿಲವರೆಗೆ ಹೋಗಿ ಬಂದ. ಆಮೇಲೆ, "ಅವರ ಜೊತೇಲೇ ಬಂದಿದ್ರೆ ಆಗಿತ್ತು ಕಣೆ" ಎಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಕೆಂಪಕ್ಕ ಕೇಳಿದ್ದು ಕಡಿಮೆ.

ಚುಚ್ಚಬೇಕೆಂದು ನಾಲಿಗೆಯವರೆಗೆ ಬಂದದ್ದನ್ನು ಅವಳು ನುಂಗಿಕೊಂಡಳು. "ಈ ಮಂಜೂ ನಿಮ್ಮಂಗೇ ತಾನೇ ಟಿಕೆಟ್ ಮಾಡಿಸ್ಕೊಂಡು ಬಂದಂಗೈತೆ" ಎಂದಳಷ್ಟೆ. ಅವಳ ಕಣ್ಣ ಮುಂದೆ ಇದ್ದದ್ದು ಲಾಂಚಿನ ಮುಂದುಗಡೆ ಒಬ್ಬರೇ ಕೂತು ಪಕ್ಕದ ಖಾಲಿ ಜಾಗದ ಮೇಲೆ ಕೈ ಇಟ್ಟುಕೊಂಡಿರುವ ವಿಮಲಾ. ಇನ್ನು ಯುಗಾದಿ ಎಷ್ಟು ದೂರ?

ರಾಜಮಂಡ್ರಿಯಲ್ಲಿ ಇಳಿದಾಗ ಏಳೂವರೆ ದಾಟಿ ಹೋಗಿತ್ತು. ಹೋಗಿ ದಡವನ್ನಾದರೂ ನೋಡಿ ಬರೋಣ ಎಂದು ರಿಕ್ಷಾ ಹತ್ತಿದರು. ಸ್ನಾನಘಟ್ಟದ ಮೆಟ್ಟಿಲ ಮೇಲೆ ನಿಂತ ಕೆಂಪಕ್ಕ ಮೊದಲು ನದಿಯನ್ನು ನೋಡಿದಳು. ಆಚೆ ದಡವೇ ಇಲ್ಲದಂಥ ನೀರು. ಆಮೇಲೆ ಈಚೆ ದಡ ನೋಡಿದಳು. ಲಾಂಚು ಅಲ್ಲೇ ಇತ್ತು.

ದಡಕ್ಕೂ ಲಾಂಚಿಗೂ ಹಾಕಿದ್ದ ಹಲಗೆಯ ಮಧ್ಯದಲ್ಲಿ ವಿಮಲಾ ಚಕ್ಕಂಬಕ್ಕಲ ಹಾಕಿ ಕೂತಿದ್ದರು. ತೊಡೆಯ ಮೇಲೆ ಹಳದಿ ಗಂಟು. ಅವರ ಹಿಂದೆ ಅನಂತರಾಮು ಪಂಚಾಂಗದಿಂದ ಗಾಳಿ ಬೀಸಿಕೊಳ್ಳುತ್ತ ನಿಂತಿದ್ದರು. ಲಾಂಚಿನೊಳಗೆ ಪಾಪಯ್ಯ ಜನರಿಗೆ ಎರಡನೇ ಸಲ ಉಪ್ಪಿಟ್ಟು ಬಡಿಸುತ್ತಿದ್ದ. ಲಾಂಚು ನಡೆಸುವ ತೆಲುಗಿನವನು ಚುಕ್ಕಾಣಿಗೆ ಒರಗಿ ಬೀಡಿ ಸೇದುತ್ತ, ಈ ಹೆಂಗಸು ಏಳುವುದನ್ನೇ ಕಾಯುತ್ತಿದ್ದ.

"ಬಂದ್ರಾ? ಬನ್ನಿ ಅಕ್ಕ" ಎಂದರು ಅನಂತರಾಮು. "ನಿಮ್ಮ ಗೆಳತಿ ಲಾಯರಾಗಬೇಕಿತ್ತು. ತಾವಾಗಿ ಬರೋರಿಗೆ ಕಾಯಲ್ಲ ಅಂತ ನಾನು ಅವತ್ತೇ ಹೇಳಿರ್ಲಿಲ್ವೇ? ಇವತ್ತೂ ಹಾಗಂದಿದ್ದಕ್ಕೆ ಇವರು ಹೋಗಿ ಪಾತ್ರೆ ಮಧ್ಯದಿಂದ ಈ ಗಂಟು ತಂದು ಹಲಗೆ ಮೇಲೆ ಕೂತ್ಬಿಟ್ರು."

"ನಾನೇನು ತಪ್ಪು ಹೇಳ್ದೆ?" ಎಂದರು ವಿಮಲಾ. "ಪರಸ್ಥಾನ ಹೊರಟ್ರೆ ಮನುಷ್ಯ ಹೊರಟ ಹಾಗೆ ಅಂತ ಹೇಳ್ಕೊಟ್ಟವರು ನೀವೇ. ಈ ಗಂಟು ಬಂದಿದ್ದು ಯಾರ ವ್ಯಾನಲ್ಲಿ?"

"ನಮ್ಮದರಲ್ಲಿ."

"ಯಾರ ವಿಮಾನದಲ್ಲಿ?"

"ಆಯ್ತಮ್ಮ, ನಮ್ಮ ಜೊತೇಲೇ."

"ಹಾಗಾದ್ರೆ ಕೆಂಪಕ್ಕ ಬಂದಿದ್ದೂ ನಿಮ್ಮ ಜೊತೇಲೇ. ನಿಮ್ಮ ಜೊತೆ ಹೊರಟೋರಿಗೆ ದಾರೀಲಿ ತಡ ಆದ್ರೆ ಲಾಂಚು ಕಾಯುತ್ತೆ. ಬೇಡ ಅಂದ್ರೆ ಗಂಟನ್ನ ನೀವೇ ಇಳಿಸಿ ಅಂದೆ. ಇಳಿಸಿದ್ರಾ?"

ಪರಸ್ಥಾನದ ಗಂಟನ್ನು ಅರ್ಧ ದಾರಿಯಲ್ಲಿ ಇಳಿಸಿ ಪ್ರಯಾಣ ಮುರಿಯಲು ಅನಂತರಾಮು ಅವರ ಕೈ ಬಂದಿರಲಿಲ್ಲ. ಅದಕ್ಕೇ ಲಾಂಚು ನಿಂತಿತ್ತು.

"ಅಕ್ಕ ಹತ್ತಲಿ" ಎಂದರು ಅವರು, ಮೀಸೆಯಡಿಯಲ್ಲಿ ನಗು ಬಚ್ಚಿಟ್ಟುಕೊಂಡು. "ಗೌಡರ ವಿಚಾರ ಬೇರೆ. ಅವರು ಪರಸ್ಥಾನ ಒಪ್ಪಿದವರಲ್ಲ. ಈ ಗಂಟಲ್ಲಿ ಅವರದ್ದು ಅಂತ ಏನಿದೆ?"

ಉಗ್ರಪ್ಪ ಬರಿ ಹೆಗಲನ್ನು ಸವರಿಕೊಂಡು ನೀರು ನೋಡಿದ. "ನೀನು ಹೋಗ್ಬಾ ಕಣೆ. ನಾನು ಇಲ್ಲೇ ಎಲ್ಲಾದ್ರೂ ಇರ್ತೀನಿ" ಎಂದ.

ಕೆಂಪಕ್ಕ ಬಗ್ಗಿ, ವಿಮಲಾ ಅವರ ತೊಡೆಯ ಮೇಲೇ ಗಂಟು ಬಿಚ್ಚಿದಳು. ತೆಂಗಿನಕಾಯಿಯನ್ನು ಅವರ ಕೈಗೆ ಕೊಟ್ಟು ಸೀರೆಯ ಮಡಿಕೆ ಬಿಡಿಸಿದಳು. ಒಳಗಿನಿಂದ ಕೆಂಪಂಚಿನ ವಲ್ಲಿ ಜಾರಿತು.

ಲಾಂಚಿನವರೆಲ್ಲ ನಕ್ಕರು. ಮಾತು ತಿಳಿಯದ ತೆಲುಗಿನವನೂ ನಕ್ಕ.

"ಮಂಗಳವಾರವೆಲ್ಲಾ ಹುಡುಕಿದ್ನಲ್ಲೇ ಇದನ್ನ."

"ಇದಿಲ್ದೆ ಗಂಟು ಕಟ್ಟಿದ್ರೆ ನಾನೊಬ್ಳೇ ಹೊರಟಂಗಾಗ್ತಿತ್ತು" ಎಂದಳು ಕೆಂಪಕ್ಕ.

ವಿಮಲಾ ಎದ್ದು ದಾರಿ ಬಿಟ್ಟರು. ಹಲಗೆಯ ತುದಿಗೆ ಬಂದ ಕೆಂಪಕ್ಕ ಒಂದು ಕಾಲು ಲಾಂಚಿನೊಳಗಿಟ್ಟು ಸ್ವಲ್ಪ ನಿಂತಳು. ಜಡೆಯನ್ನು ಯಾರೂ ಎಳೆಯಲಿಲ್ಲ. ಇನ್ನೊಂದು ಕಾಲನ್ನೂ ಎತ್ತಿ ಇಟ್ಟಳು.

"ಸ್ವಾಮಿ, ಲಾಂಚು ಈಗ ಯಾವ ದಿಕ್ಕಿಗೆ ಹೋಗ್ತದೆ?" ಹಿಂದೆ ಬಂದ ಉಗ್ರಪ್ಪನಿಗೆ ತಟ್ಟನೆ ನೆನಪಾಯಿತು. "ಶುಕ್ರವಾರ ಪಶ್ಚಿಮಕ್ಕೆ ಶೂಲ. ಆ ಕಡೀಕೇನಾದ್ರೂ ತಿರುಗಿದ್ರೆ..."

"ನದಿ ಇರೋ ದಿಕ್ಕಿಗೆ ಹೋಗ್ತದೆ. ಸುಮ್ಕೆ ಕೂತ್ಕೊಳ್ಳಿ" ಎಂದು ಕೆಂಪಕ್ಕ ವಲ್ಲಿಯನ್ನು ಅವನ ಹೆಗಲಿಗೆ ಹಾಕಿ, ವಿಮಲಾ ಅವರ ಕೈ ಹಿಡಿದು ಮುಂದುಗಡೆಗೆ ನಡೆದಳು.

ಮಂಜು ಹರಿದು ಬಿಸಿಲು ಬಿದ್ದಿತ್ತು. ಎದುರು ಗಾಳಿಗೆ ಸೆರಗು ಬಿಗಿದುಕೊಂಡು ಕೆಂಪಕ್ಕ ಮತ್ತು ವಿಮಲಾ, ನಡುವೆ ಹಳದಿ ಗಂಟು, ಹಿಂದೆ ತಲೆಗೆ ಕೆಂಪಂಚಿನ ವಲ್ಲಿ ಸುತ್ತಿಕೊಂಡು ಉಪ್ಪಿಟ್ಟು ತಿನ್ನುತ್ತಿದ್ದ ಉಗ್ರಪ್ಪ, ಹೀಗೆ ಅವರೆಲ್ಲ ಹೊರಟಾಗ ಶುಕ್ರವಾರ.