ಹಿಮ ಕರೆಯುವ ಬೆಂಕಿ

ನೈರೀ ಬೆಳಿಗ್ಗೆ ಎದ್ದವಳೇ ಕಿಟಕಿಯ ಪರದೆ ಸರಿಸಿ ಟಾರಂಟ್ ಗುಡ್ಡವನ್ನು ನೋಡುವಳು. ನೋಡಿ ಮುಖ ಸಿಂಡರಿಸುವಳು. ಆಮೇಲೆ ಅಡುಗೆಮನೆಯ ಫೋನೆತ್ತಿ, ಸ್ಕೀ ಕ್ಲಬ್ಬಿನ ಅಧ್ಯಕ್ಷೆಯಾದ ತಪ್ಪಿಗೆ, ಕ್ಲಬ್ಬಿನ ನಂಬರಿನಲ್ಲಿ ಆ ದಿನದ ಸಂದೇಶ ಹೇಳಿಡುವಳು: “ಹಿಮ ಇಲ್ಲ. ಹಗ್ಗ ಓಡಲ್ಲ. ನೈರೀ.” ಬೇರೆ ಗುಡ್ಡಗಳವರು ಅಂಗೈಯಗಲ ಹಿಮ ಬಿದ್ದರೂ ಸ್ವರ್ಗವೇ ಇಳಿದು ಬಂದಿದೆಯೆಂದು ಡಂಗುರ ಹೊಡೆಯುತ್ತಿದ್ದರು. ನೈರೀಗೆ ಅದು ಬರುತ್ತಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎನ್ನುತ್ತಾರಲ್ಲ, ಒದೆಸಿಕೊಂಡೇ ಹೇಳುವ ಪೈಕಿ ಅವಳು.

ಊರಿನವರು ಸುಮ್ಮನೆ ತಮಾಷೆಗೆಂದು ಆ ನಂಬರಿಗೆ ಫೋನ್ ಮಾಡಿ ಕೇಳುತ್ತಿದ್ದರು. ಅವಳು ಪಬ್ಬಿಗೆ ಕಾಲಿಟ್ಟರೆ ಮೂಲೆಯಿಂದ ಯಾರಾದರೂ “ಹಗ್ಗ ಓಡಲ್ಲ” ಎಂದು ಅವಳದೇ ದನಿಯಲ್ಲಿ ಅಣಕಿಸುತ್ತಿದ್ದರು. ಆ ತೆಂಕಣ ನಾಡಿನಲ್ಲಿ ಚಳಿಗಾಲ ಶುರುವಾಗುವುದೇ ಜೂನ್ ತಿಂಗಳಲ್ಲಿ, ಆಗ ಅವಳೂ ನಕ್ಕಳು. ಜುಲೈನಲ್ಲಿ ನಕ್ಕ ಹಾಗೆ ಮಾಡಿದಳು. ಆಗಸ್ಟ್ ಬರುವ ಹೊತ್ತಿಗೆ ಪಬ್ಬಿಗೆ ಹೋಗುವುದನ್ನೇ ಬಿಟ್ಟಳು.

ಸ್ಕೀ ಆಡುವವರನ್ನು ನೆತ್ತಿಗೆ ಎಳೆದೊಯ್ಯುವ ಟಾರಂಟ್ ಗುಡ್ಡದ ಹಗ್ಗವನ್ನು ಕಟ್ಟಿದವನು ಅವಳ ಅಪ್ಪ. ಯುದ್ಧ ಮುಗಿಸಿ ಬಂದ ನಾಲ್ಕು ಜನ ಗೆಳೆಯರು ಸೇರಿ ಒಂದು ಹಳೆಯ ಲಾರಿಯ ಎಂಜಿನ್ನನ್ನು ಎತ್ತಿನ ಹಾಗೆ ಗುಡ್ಡಕ್ಕೆ ಹೊಡೆದುಕೊಂಡು ಹೋಗಿ, ಕಂಬ ನೆಟ್ಟು, ಗಾಲಿ ಕೂರಿಸಿ, ಹಗ್ಗ ಸುತ್ತಿದ್ದರು. ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಬೇಕು. ಪಟ್ಟಿಗೆ ಅಡಕತ್ತರಿಯಂಥ ಒಂದು ಕಬ್ಬಿಣದ ಸಾಧನ ತೂಗುತ್ತಿರುತ್ತದೆ. ಓಡುವ ಹಗ್ಗವನ್ನು ಕೈಯಲ್ಲಿ ಹಿಡಿದು, ಅಡಕತ್ತರಿಯನ್ನು ಅದರ ಮೇಲೆ ಪಟ್ಟೆಂದು ಕಚ್ಚಿಸಿದರೆ, ಕರುಳು ಬಾಯಿಗೆ ಬಂದ ಹಾಗಾಗಿ ಮೇಲಕ್ಕೆ ಹೋಗುತ್ತೀರಿ. ಕೂರಲು ಕುರ್ಚಿಯಿಲ್ಲ, ಕುಡಿಯಲು ಕಾಫಿಯಿಲ್ಲ. ಒಮ್ಮೆ ಬಂದವರು ಬೈದುಕೊಂಡು ಹೋಗುತ್ತಿದ್ದರು, ಎರಡನೆಯ ಸಲ ಬಂದವರು ಕ್ಲಬ್ಬು ಸೇರಿ ಸಾಯುವ ತನಕ ಅಲ್ಲೇ ಇರುತ್ತಿದ್ದರು. ಈಗ ಹಾಗೆ ಉಳಿದವರು ಏಳೆಂಟು ಜನ, ಎಲ್ಲರೂ ಮಂಡಿಗೆ ಮುಲಾಮು ಹಚ್ಚುವವರು.

ಗುಡ್ಡ ಸರ್ಕಾರದ್ದು. ಇಲಾಖೆಯವರ ಕರಾರು ಒಂದೇ ಮಾತಿನದು: ಸತತ ಮೂರು ಚಳಿಗಾಲ ಹಗ್ಗ ಓಡದಿದ್ದರೆ ಪರವಾನಗಿ ರದ್ದು, ಕಂಬ ಶೆಡ್ಡು ಎಲ್ಲ ಕಿತ್ತು ನೆಲವನ್ನು ಮೊದಲಿದ್ದ ಹಾಗೆ ಮಾಡಿ ಬಿಟ್ಟುಕೊಡಬೇಕು. ಅಪ್ಪ ಸಹಿ ಹಾಕುವಾಗ ಗಹಗಹಿಸಿ ನಕ್ಕಿದ್ದನಂತೆ, ಟಾರಂಟ್ ಗುಡ್ಡದಲ್ಲಿ ಮೂರು ವರ್ಷ ಹಿಮ ಬೀಳದಿದ್ದರೆ ಸಮುದ್ರವೂ ಬತ್ತಿರುತ್ತದೆ ಎಂದು. ಎರಡು ಚಳಿಗಾಲ ಆಗಲೇ ಒಣಗಿ ಹೋಗಿದ್ದವು. ಇದು ಮೂರನೆಯದು. ಒಂದು ದಿನ, ಒಂದೇ ಒಂದು ದಿನ ಹಗ್ಗ ಓಡಿದರೆ ಸಾಕಿತ್ತು.

ಸರೋವರದ ಕಡೆಯ ದೊಡ್ಡ ಗುಡ್ಡದಲ್ಲಿ ಕೆಲಸಕ್ಕಿದ್ದ ಅಕ್ಕನ ಮಗಳು ಫೋನ್ ಮಾಡಿ, ಇಲ್ಲಿ ಯಂತ್ರದಿಂದ ಹಿಮ ಮಾಡುತ್ತಾರೆ, ಬಂದು ಎರಡು ದಿನ ಆಡಿ ಹೋಗು ಚಿಕ್ಕಮ್ಮ ಎಂದಳು. ನೈರೀಗೆ ಮೈ ಉರಿಯಿತು. ಪಕ್ಕದ ಮನೆಯಲ್ಲಿ ಊಟ ಹಾಕುತ್ತಾರೆಂದು ನಮ್ಮನೆ ಒಲೆ ಒಡೆದು ಹಾಕುವುದೇ ಎಂದು ಕೇಳಿ ಫೋನ್ ಇಟ್ಟಳು. ಇಟ್ಟ ಮೇಲೆ ಹುಡುಗಿಗೆ ಯಾಕೆ ಹಾಗಂದೆ ಎಂದು ಸಂಕಟವೂ ಆಯಿತು.

ಕ್ಲಬ್ಬಿನವರು ಕೈಕಟ್ಟಿ ಕೂತಿರಲಿಲ್ಲ. ಗುಡ್ಡದ ನೆರಳಿನ ಕೊರಕಲೊಂದರಲ್ಲಿ, ತೊಳೆಯದ ಪಾತ್ರೆಯ ಅಂಚಿಗೆ ಅಂಟಿದ ಮೊಸರಿನ ಹಾಗೆ, ಒಂದಿಷ್ಟು ಹಿಮ ಉಳಿದಿತ್ತು. ಅದನ್ನು ಸಲಿಕೆಯಲ್ಲಿ ಬಗೆದು, ತಳ್ಳುಗಾಡಿಯಲ್ಲಿ, ಮೀನಿನ ಬುಟ್ಟಿಯಲ್ಲಿ ಹೊತ್ತು ತಂದು ಹಗ್ಗದ ಕೆಳಗೆ ಒಂದು ಪಟ್ಟಿ ಹಾಸಲು ಹೊರಟರು. ಎರಡು ವಾರಾಂತ್ಯ ಬೆನ್ನು ಮುರಿದುಕೊಂಡು ಅರ್ಧ ದಾರಿ ಮುಚ್ಚಿದರು. ಐಲೀನ್ ಎಂಬ ಮುದುಕಿ, ಕ್ಲಬ್ಬಿನ ಅಡುಗೆಯವಳು, ಮದುವೆ ಮನೆಯ ಜಮಖಾನೆ ಹಾಸಿದಂತಿದೆ ಎಂದು ಹಿಗ್ಗಿದಳು. ಮಾರನೆಯ ದಿನ ವಾಯವ್ಯದ ಬಿಸಿಗಾಳಿ ಎದ್ದು ಎಲ್ಲವನ್ನೂ ನೆಕ್ಕಿಕೊಂಡು ಹೋಯಿತು. ಜಲ್ಲಿಕಲ್ಲು ಹಲ್ಲು ಕಿರಿಯಿತು.

ಆಗಸ್ಟ್ ಕೊನೆಯ ವಾರ ಹವಾಮಾನದವರು ಹೇಳಿದರು: ಶನಿವಾರ ವಾಯವ್ಯದ ಗಾಳಿ ಜೋರು, ರಾತ್ರಿಯೊಳಗೆ ತೆಂಕಣ ಗಾಳಿ ತಿರುಗಿ ಬೀಸಲಿದೆ, ತಗ್ಗಿನ ಗುಡ್ಡಗಳ ತನಕ ಹಿಮ ಬೀಳಬಹುದು. ತೆಂಕಣ ಗಾಳಿಯೆಂದರೆ ಅಲ್ಲಿಯವರಿಗೆ ಹಿಮದ ಗಾಳಿ, ನೇರ ಭೂಮಿಯ ತುದಿಯಿಂದ ಬರುವುದು. “ಬಹುದು” ಎಂಬ ಮಾತನ್ನು ನಂಬಿ ಎಷ್ಟೋ ಸಲ ಕೆಟ್ಟಿದ್ದರು. ಆದರೂ ನೈರೀ ಎಲ್ಲರಿಗೂ ಫೋನ್ ಮಾಡಿ, ಶನಿವಾರ ಮಧ್ಯಾಹ್ನ ಬೆಂಕಿ ಹಾಕೋಣ ಎಂದಳು.

ಸ್ಕೀ ಸುಡುವುದು ಹಳೆಯ ಪದ್ಧತಿ. ಮೊದಲ ಹಿಮ ಬಿದ್ದು ಮುಂದಿನದು ತಡವಾದರೆ ಯಾವುದೋ ದೂರದ ಉತ್ತರ ದೇಶದ ಹಿಮದೇವರಿಗೆ ಒಂದು ಜೊತೆ ಸ್ಕೀ ಹಲಗೆ ಅರ್ಪಿಸಿ, ಸುತ್ತ ನಿಂತು ಬಿಯರ್ ಕುಡಿದು, ಬೈಗುಳದ ಹಾಡು ಹೇಳಿ ಮನೆಗೆ ಹೋಗುವುದು. ಅಲ್ಲಿ ಪ್ರತಿಯೊಬ್ಬರ ಬಳಿಯೂ ಎರಡು ಜೊತೆ ಸ್ಕೀ ಇರುತ್ತಿದ್ದವು: ಒಳ್ಳೆಯ ದಿನಕ್ಕೆ ಒಳ್ಳೆಯ ಜೊತೆ, ಹಿಮ ತೆಳುವಾಗಿ ಕಲ್ಲು ತಾಗುವ ದಿನಕ್ಕೆ ಕಲ್ಲುಸ್ಕೀ. ಸುಡುತ್ತಿದ್ದದ್ದು ಯಾವಾಗಲೂ ಯಾರದೋ ಮುರಿದ ಕಲ್ಲುಸ್ಕೀ. ಹಾರಿಹೋದ ಹಿಟ್ಟು ಕೃಷ್ಣಾರ್ಪಣ ಎಂದ ಹಾಗೆ.

ಈ ಸಲ ನೈರೀ ಅಟ್ಟ ಹತ್ತಿ ತನ್ನ ಒಳ್ಳೆಯ ಜೊತೆಯನ್ನೇ ಇಳಿಸಿದಳು. ಕಂಬಳಿ ಬಿಚ್ಚಿದರೆ ಮೇಣದ ವಾಸನೆ ಇನ್ನೂ ಇತ್ತು. ಒಳ್ಳೆಯ ದಿನ ಬರಲಿ ಎಂದು ಕಾದು ಕಾದು ಅವುಗಳ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

ಗುಡ್ಡದ ಬುಡದಲ್ಲಿ ಅದನ್ನು ಕಂಡು ಮರ್ವ್ ಬಾಯಿ ತೆರೆದವನು ಮುಚ್ಚಲಿಲ್ಲ. ಮರ್ವ್ ಎಂಜಿನ್ ನೋಡಿಕೊಳ್ಳುವವನು, ಅಲ್ಲದೆ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಮುಖ್ಯಸ್ಥ.

“ಏನ್ ಅಧ್ಯಕ್ಷೆ, ತಲೆ ನೆಟ್ಟಗಿದ್ಯಾ? ಇದನ್ನ ಸುಡ್ತೀಯಾ?”

“ಇಷ್ಟು ವರ್ಷ ಆ ದೇವ್ರಿಗೆ ಕಸ ಕೊಟ್ವಿ, ಮರ್ವ್. ಅವನೂ ನಮಗೆ ಕಸಾನೇ ಕೊಟ್ಟ.”

“ನೀನು ಇದನ್ನೆಲ್ಲ ನಂಬೋಳಲ್ವಲ್ಲ.”

“ಈಗ್ಲೂ ನಂಬಲ್ಲ. ಆದ್ರೆ ಬೇರೆ ಏನು ಉಳಿದಿದೆ ಹೇಳು, ಅದನ್ನೇ ಮಾಡ್ತೀನಿ.”

ಮರ್ವ್ ತನ್ನ ಕಾರಿಗೆ ಹೋದ. ಬಂದಾಗ ಅವನ ಹೆಗಲ ಮೇಲೂ ಒಳ್ಳೆಯ ಜೊತೆ ಇತ್ತು. ಅವನನ್ನು ನೋಡಿ ಉಳಿದವರೂ ತಂದರು. ಐಲೀನ್ ತನ್ನ ಗಂಡ ಬಿಟ್ಟುಹೋದ ಉದ್ದನೆಯ ಮರದ ಜೊತೆಯನ್ನು ತಂದಿಟ್ಟು, ಬದುಕಿದ್ದಾಗ ಅವನಂತೂ ಹೊತ್ತಿಗೆ ಸರಿಯಾಗಿ ಎಲ್ಲೂ ಬರಲಿಲ್ಲ, ಇದಾದರೂ ಹಿಮವನ್ನು ಹೊತ್ತಿಗೆ ತರಲಿ ಎಂದಳು. ಎಲ್ಲರೂ ನಕ್ಕರು. ಬಹಳ ದಿನಗಳ ಮೇಲೆ ಅವರು ಒಟ್ಟಿಗೆ ನಕ್ಕಿದ್ದು ಅದೇ.

ಬೆಂಕಿ ಹಾಕುವ ಜಾಗ ಎಂದಿನದೇ, ಎಂಜಿನ್ ಶೆಡ್ಡಿನಿಂದ ಕೂಗಳತೆಯ ಸಮತಟ್ಟು. ಹಿಮದ ಮೇಲೆ ಹಚ್ಚುವ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ, ಅದಕ್ಕೇ ಒಂದು ಡಬ್ಬ ಡೀಸೆಲ್ ಸುರಿಯುವುದು ವಾಡಿಕೆ. ಮರ್ವ್ ವಾಡಿಕೆಯಂತೆ ಡಬ್ಬ ತಂದ, ವಾಡಿಕೆಯಂತೆ ಪೂರ್ತಿ ಸುರಿದ. ಕಾಲ ಕೆಳಗಿದ್ದದ್ದು ಹಿಮವಲ್ಲ, ಮೂರು ವರ್ಷ ಒಣಗಿದ ಹಳದಿ ಟಸಕ್ ಹುಲ್ಲು ಎಂಬುದು ಅವನಿಗೆ ಹೊಳೆಯಲಿಲ್ಲ. ಅವನಿಗೇನು, ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಆ ಬೆಂಕಿಯನ್ನು ಅವರು ಬಿಳಿ ನೆಲದ ಮೇಲೇ ಕಂಡವರು, ಬೆಂಕಿ ಆರದಿರಲಿ ಎಂದು ಹೆಣಗಿದ್ದರೇ ಹೊರತು ಹರಡೀತು ಎಂದು ಹೆದರಿದವರಲ್ಲ. ನೈರೀ ಬೆಂಕಿಕಡ್ಡಿ ಗೀರಿದಳು.

ಒಂದು ಗಾಳಿ ಬೀಸಿತು, ಅಷ್ಟೇ. ಕಿಡಿ ಹುಲ್ಲಿಗೆ ಹಾರಿ, ಹುಲ್ಲಿನಿಂದ ಹುಲ್ಲಿಗೆ ಓಡತೊಡಗಿತು. ಮರ್ವ್ ಫೋನಿನಲ್ಲಿ ತನ್ನದೇ ದಳವನ್ನು ಕರೆಯುವಾಗ, ಬೆಂಕಿ ಹಚ್ಚಿದ್ದು ಯಾರು ಎಂದು ಆ ಕಡೆಯವನು ಕೇಳಿರಬೇಕು, ಮರ್ವ್ ನುಂಗಿಕೊಂಡು ನಾವೇ ಎಂದ. ಊರಿನಿಂದ ಗಾಡಿ ಬರಲು ಹೊತ್ತು ಹಿಡಿಯುತ್ತದೆ. ಅಲ್ಲಿಯ ತನಕ ಮುದುಕರು ಸಲಿಕೆಯಿಂದ, ನೆನೆಸಿದ ಗೋಣಿಯಿಂದ ಹುಲ್ಲು ಬಡಿದರು. ಪುಣ್ಯಕ್ಕೆ ವಾಯವ್ಯದ ಗಾಳಿ ಬೆಂಕಿಯನ್ನು ಶೆಡ್ಡಿಗೆ ಬೆನ್ನು ಹಾಕಿಸಿ, ಕೆಳಗಿನ ಹೊಳೆಯ ಕಡೆ ಅಟ್ಟುತ್ತಿತ್ತು. ಹೊಳೆಯ ಪಾತ್ರವೆಂದರೆ ಬರೀ ಜಲ್ಲಿಕಲ್ಲು. ಬೆಂಕಿ ಅಲ್ಲಿಗೆ ಹೋಗಿ ತಿನ್ನಲು ಏನೂ ಸಿಗದೆ ಕುಗ್ಗಿತು. ಅಂಚಿನ ಉದ್ದಕ್ಕೂ ಅಲ್ಲಲ್ಲಿ ಹೊಗೆಯಾಡುತ್ತಿತ್ತು, ಅದನ್ನು ಆಮೇಲೆ ಬಡಿದು ಆರಿಸಿದರಾಯಿತು ಎಂದುಕೊಂಡರು. ಮಸಿ ಬಳಿದ ಮುಖದಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು, ಬದುಕಿದೆವಪ್ಪ ಎಂದು ಕೂತರು. ಐಲೀನ್ ಕುಂಬಳಕಾಯಿ ಸೂಪಿನ ಫ್ಲಾಸ್ಕ್ ತೆರೆದಳು.

ಆಗ ಗಾಳಿ ನಿಂತಿತು. ಹಕ್ಕಿಯ ಸದ್ದೂ ಇಲ್ಲ. ನೈರೀಯ ಕೆನ್ನೆಗೆ ತಣ್ಣನೆಯದೇನೋ ತಾಗಿತು. ಚಿಕ್ಕವಳಿದ್ದಾಗಿನಿಂದ ಅವಳು ಬಲ್ಲ ಗಾಳಿ ಅದು. ಅವಳು ಸೂಪು ಚೆಲ್ಲಿಕೊಂಡು ಎದ್ದು ನಿಂತಳು.

“ಬಂತು,” ಎಂದಳು. “ಬಂತು ಕಣೋ ಮರ್ವ್. ತೆಂಕಣ ಗಾಳಿ.”

ಅವಳ ಮುಖದಲ್ಲಿ ಅಂಥ ಸಂತೋಷವನ್ನು ಮರ್ವ್ ಎರಡು ವರ್ಷದಿಂದ ಕಂಡಿರಲಿಲ್ಲ. ಅವನೂ ನಕ್ಕ. ನಕ್ಕವನು ಹೊಗೆಯಾಡುತ್ತಿದ್ದ ಅಂಚಿನ ಕಡೆ ತಿರುಗಿ ನೋಡಿದ, ನಗು ಅಲ್ಲೇ ಸತ್ತಿತು. ಗಾಳಿ ತಿರುಗಿದಾಗ ಬೆಂಕಿಯ ಪಕ್ಕೆಯೇ ಮುಖವಾಗುತ್ತದೆ, ಇದನ್ನು ಅವನೇ ದಳದ ಹುಡುಗರಿಗೆ ಪ್ರತಿ ಬೇಸಿಗೆ ಪಾಠ ಹೇಳುತ್ತಿದ್ದ. ಅಂಚಿನ ಉದ್ದಕ್ಕೂ ಆರದೆ ಉಳಿದಿದ್ದ ಕೆಂಡವನ್ನೆಲ್ಲ ತೆಂಕಣ ಗಾಳಿ ಒಂದೇ ಉಸಿರಿಗೆ ಎಬ್ಬಿಸಿ, ನೇರ ಶೆಡ್ಡಿನ ಮೇಲೆ ಹೊಡೆಯಿತು.

ಶೆಡ್ಡಿನೊಳಗೆ ಎಂಜಿನ್ ಇತ್ತು, ಎಂಜಿನ್ನಿಗೆ ಬೇಕಾದ ಎಣ್ಣೆ ಇತ್ತು, ಹಿಮ ಬರುವ ತನಕ ಬಿಸಿಲಿಗೆ ಹಾಳಾಗದಿರಲಿ ಎಂದು ಸುತ್ತಿಟ್ಟ ಹಗ್ಗದ ದೊಡ್ಡ ಸುರುಳಿ ಇತ್ತು. ನೈರೀ ಒಳಗೆ ನುಗ್ಗಲು ಹೋದಳು. ಮರ್ವ್ ಅವಳ ಸೊಂಟ ಹಿಡಿದು ಎಳೆದ. ಅವಳು ಅವನನ್ನು ಹೊಡೆದಳು, ಪರಚಿದಳು, ಬಾಯಿಗೆ ಬಂದದ್ದನ್ನು ಅಂದಳು. ಅವನು ಬಿಡಲಿಲ್ಲ. ನೈಲಾನ್ ಹಗ್ಗ ಕರಗಿ ಬಾಗಿಲ ಕೆಳಗಿನಿಂದ ಕಪ್ಪಗೆ ಹರಿದು ಬರುವುದನ್ನು ಇಬ್ಬರೂ ನಿಂತು ನೋಡಿದರು.

ಅಗ್ನಿಶಾಮಕದ ಗಾಡಿ ಬರುವಷ್ಟರಲ್ಲಿ ಹಿಮ ಬೀಳತೊಡಗಿತ್ತು. ಮೊದಲು ಬೂದಿಯೋ ಹಿಮವೋ ತಿಳಿಯಲಿಲ್ಲ. ಆಮೇಲೆ ಅನುಮಾನಕ್ಕೆ ಎಡೆಯಿರಲಿಲ್ಲ. ಹುಡುಗರು ಕೊಳವೆ ಬಿಚ್ಚುವ ಕೆಲಸವೇ ಬೀಳಲಿಲ್ಲ, ಹಿಮವೇ ಎಲ್ಲ ಆರಿಸಿತು.

“ಬೇರೆ ಕ್ಲಬ್ಬಿಂದ ಹಗ್ಗ ತರಿಸ್ಬೋದು,” ಎಂದಳು ನೈರೀ, ತನ್ನ ಕಾರಿನಲ್ಲಿ ಮರ್ವ್ ಪಕ್ಕ ಕೂತ ಮೇಲೆ.

“ಎಂಜಿನ್ ಬಿರುಕು ಬಿಟ್ಟಿದೆ, ನೈರೀ. ಕೈಯಾರೆ ಮುಟ್ಟಿ ನೋಡ್ದೆ. ಆ ಕಾಲದ ಭಾಗ ಈಗ ಎಲ್ಲೂ ಸಿಗಲ್ಲ.”

“ಇಲಾಖೆಯವರನ್ನ ಕೇಳೋಣ. ಒಂದು ವರ್ಷ ಜಾಸ್ತಿ ಕೊಡಿ ಅಂತ.”

ಮರ್ವ್ ಸ್ಟೀರಿಂಗ್ ಮೇಲೆ ಕೈಯಿಟ್ಟ. “ಅವರ ಗುಡ್ಡಕ್ಕೆ ಬೆಂಕಿ ಇಟ್ಟೋರು ನಾವು. ಯಾವ ಬಾಯಲ್ಲಿ ಕೇಳ್ತೀಯಾ?”

ಡೀಸೆಲ್ ಸುರಿದವನು ನೀನೇ ತಾನೆ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಕಡ್ಡಿ ಗೀರಿದ್ದು ತನ್ನ ಕೈ ಎಂದು ನೆನಪಾಗಿ ಅದನ್ನು ನುಂಗಿಕೊಂಡಳು. ಮರ್ವ್ ಅಳುತ್ತಿದ್ದ. ಅವಳಿಗೆ ಅಳುವೂ ಬರಲಿಲ್ಲ.

ಬೆಳಿಗ್ಗೆ ನೈರೀ ಪರದೆ ಸರಿಸಿದಳು. ಟಾರಂಟ್ ಗುಡ್ಡ ಬುಡದಿಂದ ನೆತ್ತಿಯ ತನಕ ಬೆಳ್ಳಗಿತ್ತು. ಸುಟ್ಟ ನೆಲ ಎಲ್ಲಿತ್ತೆಂದು ಹುಡುಕಿದರೂ ಕಾಣದು. ಒಂದು ಕಲ್ಲೂ ತಲೆ ಎತ್ತಿರಲಿಲ್ಲ. ಒಳ್ಳೆಯ ಸ್ಕೀಗಾಗಿಯೇ ಬಿದ್ದಂಥ ಹಿಮ. ಅವಳ ಬಾಗಿಲ ಬಳಿ ಒರಗಿದ್ದದ್ದು ಕಲ್ಲುಸ್ಕೀ ಮಾತ್ರ. ಆ ದೇವರು, ಇದ್ದರೆ, ಕೇಳಿದ್ದನ್ನು ಚಾಚೂ ತಪ್ಪದೆ ಕೊಟ್ಟಿದ್ದ. ಅವಳಿಗೆ ಅವನ ಮೇಲೆ ಕೂಡ ಸಿಟ್ಟು ಬರಲಿಲ್ಲ.

ಫೋನೆತ್ತಿದಳು. ಕುಂಯ್ ಎಂದ ಸದ್ದು ಮುಗಿಯಿತು.

“ಹಿಮ ಇದೆ,” ಎಂದಳು.

ಅವಳು ಆ ನಂಬರಿನಲ್ಲಿ ಎಂದೂ ಇಲ್ಲದ್ದನ್ನು ಹೇಳಿದವಳಲ್ಲ.

“ಹಗ್ಗ ಇಲ್ಲ. ನೈರೀ.”

ಫೋನ್ ಇಡುವಾಗ ಹೊರಗೆ ಕಾರಿನ ಸದ್ದು ಕೇಳಿತು. ನೆತ್ತಿಯ ಮೇಲೆ ಸ್ಕೀ ಕಟ್ಟಿಕೊಂಡ ಕಾರೊಂದು ಗುಡ್ಡದ ದಾರಿ ಹಿಡಿಯಿತು. ಅದರ ಹಿಂದೆ ಇನ್ನೊಂದು, ಹಿಂದಿನ ಸೀಟಿನಲ್ಲಿ ಬಣ್ಣದ ಟೋಪಿಯ ಮಕ್ಕಳು. ಆಮೇಲೆ ಮತ್ತೆ ಮೂರು. ಎರಡು ವರ್ಷದಿಂದ ಆ ದಾರಿಯಲ್ಲಿ ಕುರಿ ಲಾರಿ ಬಿಟ್ಟರೆ ಏನೂ ಹೋಗಿರಲಿಲ್ಲ. ಅವರಲ್ಲಿ ಯಾರೂ ನಂಬರಿಗೆ ಫೋನ್ ಮಾಡಿದ್ದಿರಲಾರರು. ಗುಡ್ಡ ಕಣ್ಣೆದುರೇ ಬೆಳ್ಳಗಿರುವಾಗ ಯಾರು ಕೇಳುತ್ತಾರೆ?

ನೈರೀ ಬೂಟು ಹಾಕಿಕೊಂಡು ಕಾರಿನ ಕೀಲಿಕೈ ಹುಡುಕಿದಳು. ಗುಡ್ಡದ ಗೇಟಿನ ಬಳಿ ನಿಂತು, ಹಗ್ಗ ಇಲ್ಲವೆಂದು ಅವರಿಗೆ ಯಾರಾದರೂ ಹೇಳಬೇಕಿತ್ತು.