ಖಾಲಿ ಸಿಲಿಂಡರ್ ಮತ್ತು ನರ್ಸಿನ ಅತ್ತಿಗೆ

೧.
ಎಲ್ಲಿಂದ ಶುರು ಮಾಡಲಿ? ವರ್ಷಕ್ಕೆ ಇಷ್ಟು ಲಕ್ಷ ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ಅಂಕಿಅಂಶದಿಂದ ಆರಂಭಿಸಿದ್ದ ಮೊದಲ ಡ್ರಾಫ್ಟನ್ನು ಹರಿದುಹಾಕಿದೆ. ನೀವು ಆಕಳಿಸುತ್ತಿದ್ದಿರಿ. (ನಾನೂ.)

೨.
ಹಾಗಾದರೆ ಹಳ್ಳಿಯ ಆರೋಗ್ಯ ಕೇಂದ್ರದ ಕೋಣೆಯಿಂದ. ಕಿಟಕಿಗೆ ಹಳೇ ಬೆಡ್‌ಶೀಟಿನ ಪರದೆ, ಒಂದು ಟಾರ್ಚು, ಒಂದು ಬಾಟಲಿ ವಿನೆಗರ್. ನರ್ಸು ಹತ್ತಿಯನ್ನು ಅದರಲ್ಲಿ ಅದ್ದಿ ಗರ್ಭಕೋಶದ ಬಾಯಿಗೆ ಸವರಿ ಒಂದು ನಿಮಿಷ ಕಾಯುತ್ತಾಳೆ. ಬೆಳ್ಳಗಾದರೆ ಅಪಾಯದ ಸೂಚನೆ. ದೊಡ್ಡ ಲ್ಯಾಬು ಇಲ್ಲದ ಕಡೆ ಇದೇ ದಾರಿ. ಅಂದು ಹದಿನೇಳನೆಯವಳಾಗಿ ಬಂದವಳು ಅವಳದೇ ಅತ್ತಿಗೆ, ಅಣ್ಣನ ಹೆಂಡತಿ. ವಾರಗಟ್ಟಲೆ ಪುಸಲಾಯಿಸಿ ಕರೆಸಿಕೊಂಡಿದ್ದಳು.

ಬೆಳ್ಳಗಾಯಿತು.

೩.
"ಯಾಕೇ, ಮುಖ ಹಾಗೆ ಮಾಡ್ಕೊಂಡೆ?"

"ಒಂದು ಕಲೆ ಇದೆ ಅತ್ತಿಗೆ. ಕ್ಯಾನ್ಸರ್ ಅಂತಲ್ಲ. ಬಿಟ್ರೆ ಮುಂದೆ ಆಗ್ಬಹುದು. ತಣ್ಣನೆ ಗ್ಯಾಸ್ ಹಿಡಿದು ಆ ಕಲೇನ ಸಾಯಿಸ್ಬಿಡ್ಬಹುದು, ಸ್ವಲ್ಪ ಹೊತ್ತಿನ ಕೆಲಸ."

"ಹಾಗಾದ್ರೆ ಈಗ್ಲೇ ಮಾಡು. ಮನೇಗೆ ಹೋದ್ರೆ ಮತ್ತೆ ಬರೋಕೆ ನನ್ನ ಕಾಲು ಏಳಲ್ಲ."

ಗ್ಯಾಸ್ ಹಿಡಿಯುವ ಯಂತ್ರ ಮೂಲೆಯಲ್ಲಿತ್ತು. ಅದರ ಸಿಲಿಂಡರ್ ಖಾಲಿಯಾಗಿ ಎರಡು ತಿಂಗಳಾಗಿತ್ತು.

೪.
(ನರ್ಸು ನನ್ನತ್ತ ತಿರುಗಿದಳು.)

"ಪೆನ್ನು ನಿಮ್ಮ ಕೈಲೇ ಇದೆಯಲ್ಲ ಸಾರ್. ಸಿಲಿಂಡರ್ ಬಂತು ಅಂತ ಬರೀರಿ."

ಬರೆದೆ. ಲಾರಿ ಬಂತು, ಸಿಲಿಂಡರ್ ಇಳಿಯಿತು, ಅತ್ತಿಗೆ ನಗುತ್ತಾ ಮನೆಗೆ ಹೋದಳು. ಓದಿ ನೋಡಿದೆ. ಎಲ್ಲ ಕಡೆಯೂ ಸಿಲಿಂಡರ್ ಬಂದಿದೆ ಎಂದುಕೊಂಡು ನೀವು ಹಾಯಾಗಿ ಪುಟ ತಿರುಗಿಸಿಬಿಟ್ಟರೆ? ಹೊಡೆದುಹಾಕಿದೆ.

"ನಿಮ್ಮ ಸತ್ಯಸಂಧತೆಗೆ ನಮ್ಮ ಅತ್ತಿಗೇನೇ ಬೇಕಿತ್ತಾ?"

ನಾನು ಹೊಸ ಹಾಳೆ ತೆಗೆದುಕೊಂಡೆ.

೫.
ಇನ್ನೊಂದು ಅಂತ್ಯ: ನೋವೇ ಇಲ್ಲವಲ್ಲ ಎಂದು ಅತ್ತಿಗೆ ಮರೆತುಬಿಡುತ್ತಾಳೆ. ಹತ್ತು ವರ್ಷದ ನಂತರ...

ಇದನ್ನು ಪೂರ್ತಿ ಮಾಡಲು ನರ್ಸು ಬಿಡಲಿಲ್ಲ. ಹೊರಗೆ ಕಾಯುತ್ತಿದ್ದ ಒಂಬತ್ತು ಮಂದಿಗೆ ನಾಳೆ ಬನ್ನಿ ಎಂದು ಹೇಳಿ, ಅತ್ತಿಗೆಯ ಕೈ ಹಿಡಿದು ಪಟ್ಟಣದ ದೊಡ್ಡಾಸ್ಪತ್ರೆಯ ಬಸ್ಸಿಗೆ ಎಳೆದುಕೊಂಡು ಹೋದಳು. ಸೀಟಿನಲ್ಲಿ ಕೂತ ಅತ್ತಿಗೆ ಕೇಳಿದಳು:

"ಅವರೆಲ್ಲ ನಾಳೆ ಬರ್ತಾರಾ?"

ನರ್ಸು ಕಿಟಕಿಯಿಂದ ಕೇಂದ್ರದ ಕಡೆ ತಿರುಗಿ ನೋಡಿದಳು.

"ಬರಲ್ಲ ಅಲ್ವಾ? ನೀನು ಇಳಿ. ದೊಡ್ಡಾಸ್ಪತ್ರೆಗೆ ಚೀಟಿ ಬರ್ಕೊಡು, ನಾನೊಬ್ಬಳೇ ಹೋಗಿ ತೋರಿಸ್ಕೊಂಡು ಬರ್ತೀನಿ."

"ನಿಜವಾಗ್ಲೂ ಹೋಗ್ತೀರಾ ಅತ್ತಿಗೆ? ನನ್ನಾಣೆ?"

"ಹೋಗ್ತೀನಿ ಮಾರಾಯ್ತಿ, ಇಳಿ!"

ನರ್ಸು ಇಳಿದಳು. ಬಸ್ಸು ಹೊರಟಿತು. ಆ ಒಂಬತ್ತು ಮಂದಿಯಲ್ಲಿ ಆರು ಮಂದಿ ಇನ್ನೂ ಬೆಂಚಿನ ಮೇಲಿದ್ದರು. ಮೂವರು ಹೋಗಿಬಿಟ್ಟಿದ್ದರು.

೬.
ಅತ್ತಿಗೆ ದೊಡ್ಡಾಸ್ಪತ್ರೆ ಮುಟ್ಟಿದಳೇ ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಮುಂದಿನ ಜಂಕ್ಷನ್ನಿನಲ್ಲಿ ಅವಳ ಮನೆಯ ಕಡೆಗೂ ಬಸ್ಸು ಸಿಗುತ್ತದೆ. ನೀವೇನಾದರೂ ದೊಡ್ಡಾಸ್ಪತ್ರೆಯ ಬಸ್ಸಿನಲ್ಲಿದ್ದರೆ, ಮಡಿಲಲ್ಲಿ ಚೀಟಿ ಹಿಡಿದು ಕೂತವಳ ಪಕ್ಕ ಹೋಗಿ ಕೂತುಕೊಳ್ಳಿ. ಏನಾದರೂ ಮಾತಾಡಿಸುತ್ತಿರಿ. ಜಂಕ್ಷನ್ ದಾಟುವವರೆಗೆ ಅವಳನ್ನು ಏಳಲು ಬಿಡಬೇಡಿ.